ಕೊಲಂಬಸ್ ಎಡವಿದ್ದು ಭೂಮಿಯ ಆಕಾರದಲ್ಲಲ್ಲ, ಅಳತೆಯಲ್ಲಿ

ಪ್ರಶ್ನೆ: ಸರ್, ಮಗಳು ಏಳನೇ ಕ್ಲಾಸು, ಅವಳ ಪ್ರಾಜೆಕ್ಟ್‌ಗೆ ಅಂತ ಕೊಲಂಬಸ್ ಬಗ್ಗೆ ನೋಡ್ತಿದ್ವಿ. ಯೂಟ್ಯೂಬಲ್ಲಿ ಒಬ್ರು "ಆಗ ಎಲ್ರೂ ಭೂಮಿ ಚಪ್ಪಟೆ ಅಂದ್ಕೊಂಡಿದ್ರು, ಇವನೊಬ್ಬನೇ ದುಂಡಗಿದೆ ಅಂತ ಹೊರಟ" ಅಂತಾರೆ, ಇನ್ನೊಬ್ರು ಅದು ಕಟ್ಟುಕತೆ ಅಂತಾರೆ. ಯಾವ್ದು ನಿಜ? ಅಷ್ಟು ದೊಡ್ಡ ನಾವಿಕ ಅಮೆರಿಕಾನ ಇಂಡಿಯಾ ಅಂದ್ಕೊಳ್ಳೋ ತಪ್ಪು ಹೇಗೆ ಮಾಡ್ದ, ಸಾಯೋವರೆಗೂ ಗೊತ್ತೇ ಆಗ್ಲಿಲ್ವಾ? ವಾಸ್ಕೋ ಡ ಗಾಮನಿಗಾದ್ರೂ ತಾನು ಎಲ್ಲಿಗೆ ಹೋಗ್ತಿದೀನಿ ಅಂತ ಸರಿಯಾಗಿ ಗೊತ್ತಿತ್ತಾ?

ಉತ್ತರ: ಚಪ್ಪಟೆ ಕತೆ ಮೊದ್ಲು ಮುಗಿಸಿಬಿಡೋಣ, ಅದರಲ್ಲಿ ಜಾಸ್ತಿ ಹೇಳೋಕೆ ಏನಿಲ್ಲ, ಅದು ಕಟ್ಟುಕತೆನೇ. 13ನೇ ಶತಮಾನದಿಂದ ಯುರೋಪಿನ ಯೂನಿವರ್ಸಿಟಿಗಳಲ್ಲಿ ಸ್ಯಾಕ್ರೊಬೊಸ್ಕೊ ಬರೆದ ಗೋಳಶಾಸ್ತ್ರದ ಪಠ್ಯಪುಸ್ತಕ ಓದಿಸ್ತಿದ್ರು, ಅದರಲ್ಲಿ ಭೂಮಿ ಗೋಳ ಅಂತ ಪುರಾವೆ ಸಮೇತ ಇದೆ. ಓದಿದ ಪಾದ್ರಿ, ಓದಿದ ನಾವಿಕ, ರಾಜನ ಆಸ್ಥಾನದ ಪಂಡಿತ ಯಾರಿಗೂ ಅದರಲ್ಲಿ ಡೌಟ್ ಇರ್ಲಿಲ್ಲ. ಕೊಲಂಬಸ್ ಒಬ್ಬನೇ ವೀರನ ತರ ನಿಂತು ಚಪ್ಪಟೆವಾದಿಗಳ ಜೊತೆ ವಾದ ಮಾಡ್ದ ಅನ್ನೋ ಸೀನ್ ಇದ್ಯಲ್ಲ, ಅದು ಜನರ ಬಾಯಿಗೆ ಬಿದ್ದಿದ್ದು ಮುಖ್ಯವಾಗಿ 1828ರಲ್ಲಿ ಅಮೆರಿಕಾದ ವಾಷಿಂಗ್ಟನ್ ಇರ್ವಿಂಗ್ ಬರೆದ ಕೊಲಂಬಸ್ ಜೀವನಚರಿತ್ರೆಯಿಂದ. ಇರ್ವಿಂಗ್ ಕತೆಗಾರ, ಜೀವನಚರಿತ್ರೆಗೂ ಸ್ವಲ್ಪ ಮಸಾಲೆ ಹಾಕ್ದ, ಅದನ್ನ ಸ್ಕೂಲ್ ಪುಸ್ತಕದವರು ಎತ್ಕೊಂಡ್ರು, ಇವತ್ತು ಯೂಟ್ಯೂಬಿನವರು ಎತ್ಕೊಂಡಿದಾರೆ ಅಷ್ಟೇ.

ನಿಜವಾದ ಜಗಳ ಇದ್ದಿದ್ದು ಭೂಮಿ ಎಷ್ಟು ದೊಡ್ಡದು ಅನ್ನೋದ್ರ ಮೇಲೆ. ಆ ಜಗಳದಲ್ಲಿ ಕೊಲಂಬಸ್ ಹೇಳಿದ್ದು ತಪ್ಪು, ಅವನನ್ನ ರಿಜೆಕ್ಟ್ ಮಾಡಿದ ಪಂಡಿತರು ಹೇಳಿದ್ದು ಸರಿ. ಇದನ್ನ ಒಪ್ಕೊಳ್ಳೋಕೆ ನಮಗೆ ಕಷ್ಟ ಆಗತ್ತೆ, ಯಾಕಂದ್ರೆ ಕತೆಗಳಲ್ಲಿ ಯಾವಾಗ್ಲೂ ಕಮಿಟಿಯವರು ದಡ್ಡರು, ಒಂಟಿ ಹೀರೋ ಜಾಣ.

ಲೆಕ್ಕ ಹೇಗೆ ತಪ್ಪಿತು ನೋಡಿ, ಇದೇ ನಿಮ್ಮ ಪ್ರಶ್ನೆಯಲ್ಲಿ ಮಜಾ ಇರೋ ಭಾಗ. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಎರಟೋಸ್ತನೀಸ್ ನೆರಳಿನ ಕೋನ ಅಳೆದು ಭೂಮಿಯ ಸುತ್ತಳತೆ ಸುಮಾರು 2,52,000 ಸ್ಟೇಡಿಯಾ (ಆಗಿನ ಗ್ರೀಕರ ಉದ್ದದ ಅಳತೆ) ಅಂದಿದ್ದ, ಅಂದ್ರೆ ಸುತ್ತನ್ನ 360 ಭಾಗ ಮಾಡಿದ್ರೆ ಒಂದು ಡಿಗ್ರಿಗೆ 700. ನಿಜಕ್ಕೆ ತುಂಬಾ ಹತ್ತಿರದ ಅಳತೆ ಅದು. ಆದ್ರೆ ಮುಂದೆ ಕ್ರಿ.ಶ. 150ರ ಸುಮಾರಿಗೆ ಟಾಲೆಮಿ ತನ್ನ ಭೂಗೋಳದ ಪುಸ್ತಕದಲ್ಲಿ ಡಿಗ್ರಿಗೆ 500 ಸ್ಟೇಡಿಯಾ ಅನ್ನೋ ಇನ್ನೊಂದು ಅಳತೆ ಹಿಡ್ಕೊಂಡ, ಒಂದೇ ಏಟಿಗೆ ಭೂಮಿ ಕಾಲು ಭಾಗಕ್ಕಿಂತ ಜಾಸ್ತಿ ಕುಗ್ಗಿತು. ಅದೂ ಸಾಲದು ಅಂತ ಏಷ್ಯಾನ ಪೂರ್ವಕ್ಕೆ ಎಳೆದ, ಆಫ್ರಿಕಾದ ವಾಯವ್ಯಕ್ಕಿರೋ ಕೆನರಿ ದ್ವೀಪಗಳ ಕಡೆಯಿಂದ ಚೀನಾದವರೆಗೆ 180 ಡಿಗ್ರಿ ಅಂದ. ನಿಜವಾಗ್ಲೂ ಇರೋದು 140 ಡಿಗ್ರಿ ಆಸುಪಾಸು. ಈ ಪುಸ್ತಕ 15ನೇ ಶತಮಾನದ ಶುರುವಲ್ಲಿ ಲ್ಯಾಟಿನ್‌ಗೆ ಬಂದಾಗ ಯುರೋಪಿನಲ್ಲಿ ಅದಕ್ಕೆ ವೇದವಾಕ್ಯದ ಮರ್ಯಾದೆ ಸಿಕ್ತು.

ಕೊಲಂಬಸ್‌ಗೆ ಟಾಲೆಮಿ ಕೂಡ ಸಾಕಾಗ್ಲಿಲ್ಲ. ಟಾಲೆಮಿಗಿಂತ ಮುಂಚೆ ಟೈರ್ ಊರಿನ ಮರೀನಸ್ ಅಂತ ಒಬ್ಬ ಇದ್ದ, ಅವನು ಏಷ್ಯಾ 225 ಡಿಗ್ರಿವರೆಗೆ ಹಬ್ಬಿದೆ ಅಂದಿದ್ದ. ಅದು ವಿಪರೀತ ಆಯ್ತು ಅಂತ ಟಾಲೆಮಿನೇ ತಿದ್ದಿದ್ದ, ಕೊಲಂಬಸ್ ಆ ತಿದ್ದುಪಡಿ ಬಿಟ್ಟು ಹಳೇ ತಪ್ಪನ್ನೇ ಆರಿಸ್ಕೊಂಡ. ಅದಕ್ಕೆ ಮಾರ್ಕೊ ಪೋಲೊ ನೋಡಿದ ದೂರದ ದೇಶಗಳಿಗೆ ಅಂತ 28 ಡಿಗ್ರಿ ಸೇರಿಸ್ದ. ಸಿಪಾಂಗು, ಅಂದ್ರೆ ಜಪಾನ್, ಚೀನಾದಿಂದ 1,500 ಮೈಲಿ ಆಚೆ ಸಮುದ್ರದಲ್ಲಿದೆ ಅಂತ ಪೋಲೊ ಬರೆದಿದ್ದ, ಅವನು ಅಲ್ಲಿಗೆ ಹೋಗಿರ್ಲಿಲ್ಲ, ಕೇಳಿದ್ದು ಬರೆದಿದ್ದ, ಅದಕ್ಕೂ 30 ಡಿಗ್ರಿ ಹಾಕ್ದ. ಒಟ್ಟು 283 ಆಯ್ತು. 360ರಲ್ಲಿ ಅದನ್ನ ಕಳೆದ್ರೆ ಪಶ್ಚಿಮದ ಸಮುದ್ರಕ್ಕೆ ಉಳಿಯೋದು 77. ಇದನ್ನೆಲ್ಲ ಅವನು ಎಣಿಸಿದ್ದು ಯುರೋಪಿನ ಪಶ್ಚಿಮ ತುದಿಯಿಂದ, ಆದ್ರೆ ತಾನು ಹೊರಡೋದು ಕೆನರಿಯಿಂದ, ಅದು ಇನ್ನೂ ಪಶ್ಚಿಮಕ್ಕಿದೆ, 9 ಕಳಿ. ಮರೀನಸ್‌ನ ಡಿಗ್ರಿಯೇ ಸ್ವಲ್ಪ ದೊಡ್ಡದಾಯ್ತು, ಇನ್ನೊಂದು 8 ಕಳಿ. ಉಳೀತು 60. ಇತಿಹಾಸಕಾರರು ಅವನ ಲೆಕ್ಕನ ಬಿಚ್ಚಿ ಕೂಡಿಸಿ ನೋಡಿದ್ದು ಹೀಗೆ. ನಿಜವಾದ ಅಂತರ 200 ಡಿಗ್ರಿ!

ಇದರ ಮೇಲೆ ಮೈಲಿ ಗೋಲ್‌ಮಾಲ್ ಬೇರೆ. 9ನೇ ಶತಮಾನದ ಖಗೋಳ ಪಂಡಿತ ಅಲ್ ಫರ್ಗಾನಿ ಒಂದು ಡಿಗ್ರಿಗೆ 56⅔ ಮೈಲಿ ಅಂತ ಬರೆದಿದ್ದ, ಅದು ಅರಬ್ ಮೈಲಿ, ಹತ್ತಿರ ಹತ್ತಿರ 2 ಕಿ.ಮೀ. ಅಂದ್ರೆ ಡಿಗ್ರಿಗೆ ಸುಮಾರು 113 ಕಿ.ಮೀ., ಸರಿಯಾಗೇ ಇದೆ (ನಿಜ 111). ಕೊಲಂಬಸ್ ಅದನ್ನ ಇಟಲಿ ಕಡೆಯ ಮೈಲಿ ಅಂತ ಓದ್ಕೊಂಡ, ಅದು ಒಂದೂವರೆ ಕಿ.ಮೀ. ಕೂಡ ಇಲ್ಲ. ಹಳ್ಳಿಯಲ್ಲಿ ಅಜ್ಜ "ಇಲ್ಲೇ ಮೂರು ಹರದಾರಿ" ಅಂದಿದ್ದನ್ನ ಮೂರು ಮೈಲಿ ಅಂತ ಕೇಳಿಸ್ಕೊಂಡು ಚಪ್ಪಲಿ ಮೆಟ್ಕೊಂಡು ಹೊರಟಂಗಾಯ್ತು. ಸುತ್ತಳತೆ 40,000 ಕಿ.ಮೀ. ಇರೋ ಭೂಮಿ ಅವನ ಲೆಕ್ಕದಲ್ಲಿ 30,000ಕ್ಕೆ ಬಂತು. ಎರಡೂ ತಪ್ಪು ಗುಣಿಸಿದ್ರೆ ಏನಾಗತ್ತೆ ಅಂದ್ರೆ, ಕೆನರಿಯಿಂದ ಜಪಾನಿಗೆ ಸುಮಾರು 4,400 ಕಿ.ಮೀ. ಅಂತ ಅವನ ನಂಬಿಕೆ, ಇರೋದು 19,000ಕ್ಕೂ ಮೇಲೆ.

ಇಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ, ಎಲ್ಲಾ ತಪ್ಪೂ ಒಂದೇ ಕಡೆ ವಾಲಿವೆ. ಗೊತ್ತಿಲ್ದೇ ಮಾಡಿದ ತಪ್ಪು ಆಗಿದ್ರೆ ಒಂದು ಜಾಸ್ತಿ ಒಂದು ಕಮ್ಮಿ ಆಗಿ ಎಲ್ಲೋ ಸರಿಹೋಗ್ಬೇಕಿತ್ತು. ಇವನು ಯಾವ ಪುಸ್ತಕ ಸಮುದ್ರನ ಚಿಕ್ಕದು ಮಾಡತ್ತೋ ಅದನ್ನ ಇಟ್ಕೊಂಡ, ದೊಡ್ಡದು ಮಾಡೋದನ್ನ ಬಿಟ್ಟ. ಕಾರ್ಡಿನಲ್ ಪಿಯರ್ ದಾಯಿ ಬರೆದ ಪ್ರಪಂಚ ವರ್ಣನೆಯ ಪುಸ್ತಕದ ಅವನ ಸ್ವಂತ ಪ್ರತಿ ಇವತ್ತಿಗೂ ಸೆವಿಲ್‌ನ ಲೈಬ್ರರಿಯಲ್ಲಿದೆ, ಪುಟದ ಅಂಚಿನ ತುಂಬಾ ಟಿಪ್ಪಣಿ. ಭೂಮಿಯ ಏಳು ಭಾಗದಲ್ಲಿ ಆರು ನೆಲ, ಒಂದೇ ನೀರು ಅಂತ ಎಸ್ಡ್ರಾಸ್ ಅನ್ನೋ ಧರ್ಮಗ್ರಂಥದಲ್ಲಿ ಒಂದು ಮಾತಿದೆ, ಅದನ್ನೂ ಸಾಕ್ಷಿಗೆ ತಂದ. ಅಂದ್ರೆ ಅವನ ತಪ್ಪು ಬಂದಿದ್ದು ಓದದೇ ಇದ್ದಿದ್ರಿಂದಲ್ಲ, ತನಗೆ ಬೇಕಾದ್ದು ಸಿಗೋವರೆಗೂ ಓದಿದ್ರಿಂದ. ಇದು ನನ್ನ ಅಭಿಪ್ರಾಯ, ಎಲ್ಲಾ ಇತಿಹಾಸಕಾರರೂ ಇಷ್ಟು ಕಟುವಾಗಿ ಹೇಳಲ್ಲ.

ಪೋರ್ಚುಗಲ್ ರಾಜ ಎರಡನೇ ಜಾನ್‌ನ ಪಂಡಿತರು 1485ರ ಹೊತ್ತಿಗೆ ಇದು ಪೋಲೊನ ಸಿಪಾಂಗು ಮೇಲೆ ಕಟ್ಟಿದ ಗಾಳಿಗೋಪುರ ಅಂತ ಕಳಿಸಿಬಿಟ್ರು. ಸ್ಪೇನಿನಲ್ಲಿ ತಲವೇರಾ ಅನ್ನೋ ಪಾದ್ರಿಯ ಕಮಿಟಿ ನಾಲ್ಕು ವರ್ಷ ಎಳೆದಾಡಿ, ಸಮುದ್ರ ತುಂಬಾ ದೊಡ್ಡದು, ಆಗಲ್ಲ ಅಂತ 1490ರಲ್ಲಿ ವರದಿ ಕೊಡ್ತು. ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಆ ಕಾಲದ ಯಾವ ಹಡಗೂ ಅಷ್ಟು ದೂರಕ್ಕೆ ನೀರು, ರೊಟ್ಟಿ ತುಂಬ್ಕೊಂಡು ಹೋಗೋಕೆ ಆಗ್ತಿರ್ಲಿಲ್ಲ. ಮತ್ತೆ ರಾಣಿ ಇಸಬೆಲ್ಲಾ ಯಾಕೆ ಒಪ್ಪಿದ್ಲು ಅಂದ್ರೆ, 1492ರ ಜನವರಿಯಲ್ಲಿ ಸ್ಪೇನಿನಲ್ಲಿ ಉಳಿದಿದ್ದ ಕಡೇ ಮುಸ್ಲಿಂ ರಾಜ್ಯ ಗ್ರನಾಡ ಕೈಗೆ ಬಂದಿತ್ತು, ಪೋರ್ಚುಗೀಸರು 1488ರಲ್ಲೇ ಆಫ್ರಿಕಾದ ತುದಿ ದಾಟಿ ಆಗಿತ್ತು, ಹಣಕಾಸು ನೋಡ್ತಿದ್ದ ಸಾಂತಾಂಜೆಲ್ "ಹಾಕೋ ದುಡ್ಡು ಕಮ್ಮಿ, ಗೆದ್ರೆ ಲಾಭ ಭಾರಿ" ಅನ್ನೋ ಧಾಟಿಯಲ್ಲಿ ಒಪ್ಪಿಸ್ದ. ಭೂಗೋಳದ ವಾದದಲ್ಲಿ ಕೊಲಂಬಸ್ ಗೆದ್ದು ಹಡಗು ಸಿಕ್ಕಿದ್ದಲ್ಲ.

ಸೆಪ್ಟೆಂಬರ್ 6ಕ್ಕೆ ಕೆನರಿ ಬಿಟ್ಟ, ಅಕ್ಟೋಬರ್ 12ಕ್ಕೆ ನೆಲ ಸಿಕ್ತು, 36 ದಿನ. ಜಪಾನ್ ಇರ್ಬೇಕು ಅಂದ್ಕೊಂಡ ದೂರದ ಸುಮಾರಿಗೆ ಬಹಾಮಾಸ್ ಸಿಕ್ಬಿಡ್ತು, ಇದೇ ದೊಡ್ಡ ದುರಂತ. ಏನೂ ಸಿಗದೇ ಇದ್ದಿದ್ರೆ ಹಸಿವಲ್ಲಿ ಸಾಯ್ತಿದ್ರು ಇಲ್ಲಾ ವಾಪಸ್ ಬರ್ತಿದ್ರು, ಲೆಕ್ಕ ತಪ್ಪು ಅಂತ ಗೊತ್ತಾಗ್ತಿತ್ತು. ಸರಿಯಾದ ಜಾಗದಲ್ಲಿ ಏನೋ ಒಂದು ನೆಲ ಸಿಕ್ಕಿದ್ರಿಂದ ಲೆಕ್ಕ ಸರಿ ಅಂತ ಇನ್ನೂ ಗಟ್ಟಿಯಾಯ್ತು. (ಒಂದು ವಿಷಯದಲ್ಲಿ ಮಾತ್ರ ಅವನಿಗೆ ಕೈ ಮುಗೀಬೇಕು, ಗಾಳಿ. ಹೋಗುವಾಗ ಕೆನರಿಯ ಪೂರ್ವ ಗಾಳಿ ಹಿಡಿದ, ಬರುವಾಗ ಉತ್ತರಕ್ಕೆ ಹತ್ತಿ ಪಶ್ಚಿಮ ಗಾಳಿ ಹಿಡಿದ. ಇದು ಪುಸ್ತಕದಿಂದ ಬಂದ ವಿದ್ಯೆ ಅಲ್ಲ, ವರ್ಷಗಟ್ಟಲೆ ಅಟ್ಲಾಂಟಿಕ್‌ನಲ್ಲಿ ಓಡಾಡಿದ್ದರಿಂದ ಬಂದಿದ್ದು.)

ಆಮೇಲೆ ಕ್ಯೂಬಾ. ಇದು ಚೀನಾನೇ ಅಂದ್ಕೊಂಡು ಅಲ್ಲಿನ ಮಹಾರಾಜನನ್ನ ಹುಡುಕೋಕೆ ಹೀಬ್ರೂ, ಅರೇಬಿಕ್ ಬರ್ತಿದ್ದ ಲೂಯಿಸ್ ದೆ ತೊರ್ರೆಸ್‌ನ ಒಳನಾಡಿಗೆ ಕಳಿಸ್ದ. ಪಾಪ ಅವನಿಗೆ ಸಿಕ್ಕಿದ್ದು ಗುಡಿಸಲುಗಳಿದ್ದ ಒಂದು ಹಳ್ಳಿ, ಅಲ್ಲಿ ಅರೇಬಿಕ್ ಯಾರಿಗೆ ಬರಬೇಕು. 1494ರ ಜೂನ್‌ನಲ್ಲಿ ಎರಡನೇ ಸಲ ಬಂದಾಗ ಕ್ಯೂಬಾದ ದಕ್ಷಿಣ ದಡ ಹಿಡಿದು ಪಶ್ಚಿಮಕ್ಕೆ ಹೋಗಿ ಹೋಗಿ, ಹಡಗು ಸೋರೋಕೆ ಶುರುವಾಗಿ, ಜನ ಸುಸ್ತಾಗಿ, ಇನ್ನು ಸ್ವಲ್ಪ ಹೋಗಿದ್ರೆ ದ್ವೀಪದ ತುದಿನೇ ಸಿಗ್ತಿತ್ತು, ಅಲ್ಲಿಂದ ತಿರುಗಿಸ್ದ. ತಿರುಗಿಸೋ ಮುಂಚೆ ಏನು ಮಾಡ್ದ ಗೊತ್ತಾ? ದಸ್ತಾವೇಜು ಬರೆಯೋ ನೋಟರಿಯನ್ನ ಕರೆಸಿ, ಹಡಗಿನ ಎಲ್ಲರಿಂದ್ಲೂ "ಇದು ದ್ವೀಪ ಅಲ್ಲ, ಏಷ್ಯಾದ ಮುಖ್ಯ ನೆಲ" ಅಂತ ಪ್ರಮಾಣ ಮಾಡಿಸ್ದ. ಆಮೇಲೆ ಯಾರಾದ್ರೂ ಮಾತು ಬದಲಾಯಿಸಿದ್ರೆ 10,000 ಮರವೇದಿ (ಆಗಿನ ಸ್ಪೇನಿನ ನಾಣ್ಯ) ದಂಡ, ಜೊತೆಗೆ ನಾಲಿಗೆ ಕತ್ತರಿಸೋದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋದನ್ನ ರಿಜಿಸ್ಟರ್ ಮಾಡಿಸಿದವನು ಪ್ರಪಂಚದಲ್ಲಿ ಇವನೊಬ್ಬನೇ ಇರ್ಬೇಕು. ಆ ದಿನ ಪ್ರಮಾಣ ಮಾಡಿದವರಲ್ಲಿ ನಕ್ಷೆಗಾರ ಹುವಾನ್ ದೆ ಲಾ ಕೋಸಾ ಕೂಡ ಇದ್ದ, 1500ರಲ್ಲಿ ಅವನೇ ಬರೆದ ನಕ್ಷೆಯಲ್ಲಿ ಕ್ಯೂಬಾ ದ್ವೀಪವಾಗೇ ಇದೆ. ನಾಲಿಗೆ ಮಾತ್ರ ಉಳ್ಕೊಂಡಿತ್ತು.

ಈ ತಪ್ಪು ಬೇಗ ಬಯಲಾಗದೇ ಇರೋಕೆ ಇನ್ನೊಂದು ಕಾರಣ ಇದೆ, ಇದನ್ನ ಮಗಳಿಗೆ ಖಂಡಿತ ಹೇಳಿ. ಉತ್ತರ ದಕ್ಷಿಣ ಎಷ್ಟು ಬಂದಿದೀವಿ ಅನ್ನೋದನ್ನ ಧ್ರುವ ನಕ್ಷತ್ರನೋ ಮಧ್ಯಾಹ್ನದ ಸೂರ್ಯನೋ ನೋಡಿ ಅಳೀಬಹುದು, ಅಕ್ಷಾಂಶ ಸಿಗತ್ತೆ. ಪೂರ್ವ ಪಶ್ಚಿಮ ಎಷ್ಟು ಬಂದಿದೀವಿ ಅನ್ನೋದಕ್ಕೆ ಊರಲ್ಲಿ ಈಗ ಗಂಟೆ ಎಷ್ಟು ಅಂತ ಗೊತ್ತಿರ್ಬೇಕು, ಅಲ್ಲಾಡೋ ಹಡಗಿನಲ್ಲಿ ಸರಿಯಾಗಿ ಓಡೋ ಗಡಿಯಾರ 18ನೇ ಶತಮಾನದಲ್ಲಿ ಇಂಗ್ಲೆಂಡಿನ ಹ್ಯಾರಿಸನ್ ಮಾಡೋವರೆಗೆ ಇರ್ಲೇ ಇಲ್ಲ. ಹಾಗಾಗಿ ವೇಗ, ದಿಕ್ಕು ನೋಡಿ ಅಂದಾಜಿನಲ್ಲಿ ಹೋಗ್ಬೇಕು, ಅಂದಾಜಿನಲ್ಲಿ ಮನಸ್ಸಿನ ಆಸೆ ನುಸುಳೋಕೆ ಬೇಕಾದಷ್ಟು ಜಾಗ ಇರತ್ತೆ.

ಸಾಯೋವರೆಗೂ ಗೊತ್ತಾಗ್ಲಿಲ್ವಾ ಅಂದ್ರೆ, ಅರ್ಧಂಬರ್ಧ ಗೊತ್ತಾಗಿತ್ತು ಅನ್ನಬೇಕು. 1498ರಲ್ಲಿ ಮೂರನೇ ಸಲ ಬಂದಾಗ ಒರಿನೋಕೊ ನದಿ ಸಮುದ್ರಕ್ಕೆ ತಂದು ಸುರಿಯೋ ಸಿಹಿನೀರು ನೋಡಿ ಬೆಚ್ಚಿಬಿದ್ದ, ಇಷ್ಟು ನೀರು ಬರ್ಬೇಕಂದ್ರೆ ಹಿಂದೆ ದೊಡ್ಡ ಖಂಡನೇ ಇರ್ಬೇಕು, ಇವತ್ತಿನವರೆಗೆ ಯಾರಿಗೂ ಗೊತ್ತಿಲ್ದಿದ್ದು ಅಂತ ಬರ್ಕೊಂಡ. ಸರಿಯಾಗೇ ಹಿಡಿದಿದ್ದ ನೋಡಿ! ಆದ್ರೆ ಅಲ್ಲಿಗೆ ನಿಲ್ಲಿಸ್ಲಿಲ್ಲ. ಧ್ರುವ ನಕ್ಷತ್ರದ ಅಳತೆಗಳು ಸರಿ ಬರ್ತಿಲ್ಲ ಅಂತ ತಲೆ ಕೆಡಿಸ್ಕೊಂಡು, ಭೂಮಿ ಪೂರ್ತಿ ದುಂಡಗಿಲ್ಲ, ಪೇರ್ ಹಣ್ಣಿನ ತರ ಒಂದು ಕಡೆ ಉಬ್ಬಿದೆ, ಆ ಉಬ್ಬಿನ ತುದಿಯಲ್ಲಿ ಆದಮ್ ಈವ್ ಇದ್ದ ಸ್ವರ್ಗ ಇದೆ, ಈ ನೀರು ಅಲ್ಲಿಂದ ಬರ್ತಿದೆ ಅಂತ ರಾಜ ರಾಣಿಗೆ ಕಾಗದ ಬರೆದ. ಚಪ್ಪಟೆವಾದಿಗಳನ್ನ ಸೋಲಿಸಿದ ಅಂತ ನಾವು ಹೊಗಳೋ ಮನುಷ್ಯನೇ ಭೂಮಿ ದುಂಡಗಿಲ್ಲ ಅಂತ ಬರೆದಿದಾನೆ. ಕಡೇ ಪ್ರಯಾಣದಲ್ಲಿ ಪನಾಮಾ ಕಡೆ ಅಲೆದಾಡಿ 1503ರಲ್ಲಿ ಜಮೈಕಾದಿಂದ ಬರೆದ ಪತ್ರದಲ್ಲಂತೂ ಅಲ್ಲೇ ಆಚೆ ಒಂದು ನಾಡಿದೆ, ಅಲ್ಲಿಂದ ಹತ್ತು ದಿನ ಹೋದ್ರೆ ಗಂಗಾ ನದಿ ಅಂತಿದೆ. ಜನ ಹೇಳೋಷ್ಟು ಪ್ರಪಂಚ ದೊಡ್ಡದೇನಲ್ಲ ಅಂತಾನೂ ಅದೇ ಪತ್ರದಲ್ಲಿ ಹೇಳ್ತಾನೆ. 1506ರ ಮೇ 20ಕ್ಕೆ ತೀರ್ಕೊಂಡ. ಮಾರನೇ ವರ್ಷವೇ ವಾಲ್ಡ್‌ಸೀಮ್ಯುಲರ್ ಅನ್ನೋ ಜರ್ಮನ್ ನಕ್ಷೆಗಾರ ಆ ನೆಲನ ಏಷ್ಯಾದಿಂದ ಬೇರೆ ಮಾಡಿ ನಕ್ಷೆ ಅಚ್ಚು ಹಾಕಿಸಿ ಅಮೆರಿಕಾ ಅಂತ ಹೆಸರು ಬರೆದ.

ಆಗ್ಲೂ ಭೂಮಿಯ ಅಳತೆ ಸರಿ ಹೋಗ್ಲಿಲ್ಲ ಅನ್ನೋದು ಸ್ಪೇನಿನ ಪರವಾಗಿ ಹೊರಟ ಪೋರ್ಚುಗೀಸ್ ನಾವಿಕ ಮೆಗಲನ್ ಕತೆಯಲ್ಲಿ ಕಾಣತ್ತೆ. ಅಮೆರಿಕಾ ದಾಟಿದ್ರೆ ಮಸಾಲೆ ದ್ವೀಪಗಳು ಪಕ್ಕದಲ್ಲೇ ಅಂದ್ಕೊಂಡು 1520ರ ನವೆಂಬರ್ 28ಕ್ಕೆ ಪೆಸಿಫಿಕ್‌ಗೆ ಇಳಿದ, ಗುವಾಮ್ ಸಿಕ್ಕಿದ್ದು ಮಾರ್ಚ್ 6ಕ್ಕೆ. ಮಧ್ಯದಲ್ಲಿ ಹುಳ ಬಿದ್ದ ಬಿಸ್ಕತ್ತಿನ ಪುಡಿ, ಪಟದ ಕಂಬಕ್ಕೆ ಸುತ್ತಿದ್ದ ಚರ್ಮ ನೆನೆಸಿ ಸುಟ್ಟಿದ್ದು, ಮರದ ಹೊಟ್ಟು, ಇಲಿ, ಇದನ್ನೇ ತಿಂದ್ರು ಅಂತ ಜೊತೆಗಿದ್ದ ಪಿಗಾಫೆಟ್ಟಾ ಬರೆದಿದಾನೆ.

ಇನ್ನು ಗಾಮ. ಅವನ ಹಿಂದೆ ಪೋರ್ಚುಗೀಸರ ಹತ್ತಿರ ಹತ್ತಿರ ಎಂಬತ್ತು ವರ್ಷದ ಅನುಭವ ಇತ್ತು, ಅದು ದೊಡ್ಡ ವ್ಯತ್ಯಾಸ. ಅವರೂ ಶುರು ಮಾಡಿದ್ದು ಹೆದರಿಕೆಯಿಂದಲೇ. ಸಹಾರಾ ದಡದ ಬೊಜದೋರ್ ಭೂಶಿರದ ಆಚೆ ಜನ ಇಲ್ಲ, ನೀರಿಗೆ ಆಳ ಇಲ್ಲ, ಸೆಳೆತಕ್ಕೆ ಸಿಕ್ಕಿದ ಹಡಗು ವಾಪಸ್ ಬರಲ್ಲ ಅಂತ ನಾವಿಕರ ನಂಬಿಕೆ, ರಾಜಕುಮಾರ ಹೆನ್ರಿ ಹನ್ನೆರಡು ವರ್ಷ ಒಬ್ಬೊಬ್ಬರನ್ನೇ ಕಳಿಸಿ ಕೊನೆಗೆ 1434ರಲ್ಲಿ ಜಿಲ್ ಎಯಾನೆಸ್ ದಾಟಿ ಬಂದ. ಇದನ್ನ ಬರೀ ಮೂಢನಂಬಿಕೆ ಅಂತ ನಗೋದು ನನಗೆ ಇಷ್ಟ ಆಗಲ್ಲ. ಅಲ್ಲಿ ಗಾಳಿ, ಸೆಳೆತ ಎರಡೂ ದಕ್ಷಿಣಕ್ಕೇ ಎಳೀತಾವೆ, ದಡ ಹಿಡಿದು ವಾಪಸ್ ಬರೋದು ನಿಜವಾಗ್ಲೂ ಮಹಾ ಕಷ್ಟ. ದಡ ಬಿಟ್ಟು ನಡುಸಮುದ್ರಕ್ಕೆ ಹೋಗಿ ಸುತ್ತಿ ಬರ್ಬೇಕು ಅನ್ನೋ ದಾರಿ ಕಲಿತ್ಮೇಲೆ ಭಯ ಹೋಯ್ತು.

ಹಿಂದೂ ಮಹಾಸಾಗರಕ್ಕೆ ದಕ್ಷಿಣದಿಂದ ಬಾಗಿಲೇ ಇಲ್ಲ, ಸುತ್ತಲೂ ನೆಲ ಮುಚ್ಚಿದೆ ಅಂತ ಟಾಲೆಮಿ ನಕ್ಷೆಯಲ್ಲಿತ್ತು. ವೆನಿಸ್‌ನ ಸನ್ಯಾಸಿ, ನಕ್ಷೆಗಾರ ಫ್ರಾ ಮೌರೊ 1450ರ ದಶಕದಲ್ಲೇ ಪೂರ್ವದ ಕಡೆಯಿಂದ ಬಂದ ಸುದ್ದಿ ನಂಬಿ ಅದನ್ನ ತೆರೆದು ಬರೆದಿದ್ದ, 1488ರಲ್ಲಿ ಬಾರ್ತೊಲೊಮೆಯು ದಿಯಾಸ್ ಆಫ್ರಿಕಾ ತುದಿ ಸುತ್ತಿ ಅದು ನಿಜ ಅಂತ ತೋರಿಸ್ದ. ಹಾಗಾಗಿ 1497ರ ಜುಲೈ 8ಕ್ಕೆ ಲಿಸ್ಬನ್ ಬಿಟ್ಟ ಗಾಮನಿಗೆ ತಾನು ಹೋಗೋದು ಇಂಡಿಯಾಗೇ ಅಂತ ಗೊತ್ತಿತ್ತು, ದಾರಿನೂ ಹೆಚ್ಚುಕಮ್ಮಿ ಗೊತ್ತಿತ್ತು. ಅಲ್ಲಿ ಯಾರಿದಾರೆ ಅನ್ನೋದು ಗೊತ್ತಿರ್ಲಿಲ್ಲ.

ಪೂರ್ವದಲ್ಲಿ ಎಲ್ಲೋ ಪ್ರೆಸ್ಟರ್ ಜಾನ್ ಅನ್ನೋ ಮಹಾ ಶ್ರೀಮಂತ ಕ್ರೈಸ್ತ ರಾಜ ಇದಾನೆ ಅಂತ 12ನೇ ಶತಮಾನದಿಂದ ಯುರೋಪ್ ನಂಬಿತ್ತು, ಅವನದ್ದೇ ಅಂತ ಒಂದು ನಕಲಿ ಪತ್ರ ಊರೆಲ್ಲಾ ಓಡಾಡಿತ್ತು. ಗಾಮನ ಕೈಯಲ್ಲಿ ಅವನಿಗೂ ಪತ್ರ ಇತ್ತು. ಮುಸ್ಲಿಂ ಅಲ್ಲದವರೆಲ್ಲ ಕ್ರೈಸ್ತರೇ ಇರ್ಬೇಕು ಅನ್ನೋದು ಅವರ ಗಣಿತ. 1498ರ ಮೇನಲ್ಲಿ ಕ್ಯಾಲಿಕಟ್‌ಗೆ ಬಂದು ದೇವಸ್ಥಾನ ನೋಡಿ ಚರ್ಚ್ ಅಂದ್ರು, ಗರ್ಭಗುಡಿಯ ದೇವಿಯನ್ನ ಮೇರಿಮಾತೆ ಅಂತ ಕೈ ಮುಗಿದ್ರು. ಗೋಡೆ ಮೇಲಿನ ಸಂತರಿಗೆ ಬಾಯಿಂದ ಆಚೆ ಹಲ್ಲು, ನಾಲ್ಕೈದು ಕೈ ಇವೆ ಅಂತ ಆ ಪ್ರಯಾಣದ ದಿನಚರಿಯಲ್ಲಿ ಯಾವ ಅನುಮಾನಾನೂ ಇಲ್ದೇ ಬರೆದಿದೆ.

ನಮ್ಮ ಕಡೆಗೂ ಬಂದಿದ್ರು. ವಾಪಸ್ ಹೋಗುವಾಗ ಸೆಪ್ಟೆಂಬರ್‌ನಲ್ಲಿ ಕಾರವಾರದ ಎದುರಿಗಿರೋ ಅಂಜದೀವ ದ್ವೀಪದಲ್ಲಿ ಹಡಗು ಕ್ಲೀನ್ ಮಾಡೋಕೆ, ನೀರು ತುಂಬ್ಕೊಳ್ಳೋಕೆ ನಿಂತ್ರು. ಅಲ್ಲೊಂದು ಹಾಳುಬಿದ್ದ ಕಲ್ಲಿನ ಕಟ್ಟಡ, ಹುಲ್ಲು ಹೊದಿಸಿದ ಸಣ್ಣ ಗುಡಿ, ಒಳಗೆ ಪೂಜೆ ಮಾಡ್ತಿದ್ದ ಮೂರು ಕಪ್ಪು ಕಲ್ಲು. ನಮ್ಮ ಕರಾವಳಿಯ ಮಕ್ಕಳು ಕೂಡ ಒಂದು ನೋಟಕ್ಕೆ ಇದೇನು ಅಂತ ಹೇಳ್ತಾರೆ. ಅವರ ದಿನಚರಿಯಲ್ಲಿ ಅದು ಮುಸ್ಲಿಮರು ಕೆಡವಿದ ಚರ್ಚ್.

ಇನ್ನೊಂದು ತಪ್ಪಿಗೆ ಪ್ರಾಣವೇ ಕೊಡಬೇಕಾಯ್ತು. ಬರುವಾಗ ಪೂರ್ವ ಆಫ್ರಿಕಾದ ಬಂದರು ಮಲಿಂದಿಯಿಂದ ಈ ಕಡೆಯ ಸಮುದ್ರ ಗೊತ್ತಿದ್ದ ಪೈಲಟ್ ಇದ್ದ, ಗಾಳಿ ಸರಿ ಇತ್ತು, ಮೂರೂವರೆ ವಾರಕ್ಕೆಲ್ಲ ಮಲಬಾರ್ ಸೇರಿದ್ರು. ವಾಪಸ್ ಅಕ್ಟೋಬರ್ 5ಕ್ಕೆ ಅಂಜದೀವ ಬಿಟ್ರು, ಈಶಾನ್ಯ ಮಾರುತ ಇನ್ನೂ ಕೂತಿರ್ಲಿಲ್ಲ. ಈ ಸಮುದ್ರಕ್ಕೆ ಹೋಗೋ ತಿಂಗಳು ಬೇರೆ, ಬರೋ ತಿಂಗಳು ಬೇರೆ ಅಂತ ಗುಜರಾತಿ, ಅರಬ್, ಮಲಬಾರಿನ ಮಾಪಿಳ್ಳೆ ಮುಸ್ಲಿಂ ನಾವಿಕರಿಗೆ ಯಾವ ಕಾಲದಿಂದ್ಲೋ ಗೊತ್ತಿದ್ದ ಸಂಗತಿ, ಗಾಮ ಕಾಯ್ಲಿಲ್ಲ. ಮೂರು ತಿಂಗಳಿಗೆ ಮೂರು ದಿನ ಕಮ್ಮಿ ಸಮುದ್ರದಲ್ಲೇ ಕಳೆದು, ಸ್ಕರ್ವಿ (ವಿಟಮಿನ್ ಸಿ ಇಲ್ದೇ ಬರೋ ಕಾಯಿಲೆ) ಬಂದು ಒಸಡು ಊದಿ 30 ಜನ ಸತ್ರು, ಹಡಗಿಗೆ ಏಳೆಂಟು ಜನ ಮಾತ್ರ ಕೆಲಸ ಮಾಡೋ ಸ್ಥಿತಿಯಲ್ಲಿದ್ರು. ಜನ ಸಾಲದೇ ಆಫ್ರಿಕಾ ದಡದಲ್ಲಿ ಒಂದು ಹಡಗನ್ನ ಸುಟ್ಟು ಹೊರಟ್ರು.

ಇಷ್ಟಾದ್ರೂ 1499ರಲ್ಲಿ ರಾಜ ಮ್ಯಾನುವೆಲ್ ಸ್ಪೇನಿನ ರಾಜ ರಾಣಿಗೆ ಜಂಬದ ಪತ್ರ ಬರೆದ, ಇಂಡಿಯಾದಲ್ಲಿ ಕ್ರೈಸ್ತರು ಸಿಕ್ಕಿದಾರೆ, ಆದ್ರೆ ಧರ್ಮದಲ್ಲಿ ಇನ್ನೂ ಸ್ವಲ್ಪ ಕಚ್ಚಾ ಇದಾರೆ ಅಂತ. ಅದು ಹಾಗಲ್ಲ ಅಂತ ಗೊತ್ತಾಗಿದ್ದು ಮುಂದಿನ ಹಡಗುಗಳ ಕ್ಯಾಪ್ಟನ್ ಕಬ್ರಾಲ್ 1501ರಲ್ಲಿ ವಾಪಸ್ ಬಂದ್ಮೇಲೆ, ಅಷ್ಟೊತ್ತಿಗೆ ಅವನು ಕ್ಯಾಲಿಕಟ್ ಮೇಲೆ ಫಿರಂಗಿ ಹಾರಿಸಿ ಬಂದಾಗಿತ್ತು.